ಕಮಾತದಲ್ಲಿ ನಿಲ್ಲದ ರೈಲು

ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುವ ರೈಲನ್ನು ಬರೀ ಗಂಟಲಿನಿಂದ ನಿಲ್ಲಿಸಿದವನು ಟೋಕಿಯೋದಲ್ಲಿ ಒಬ್ಬನೇ. ಅದು ನಾನು, ಅಸಾಕುಸದಲ್ಲಿ ಚೂರಿಗೆ ಸಾಣೆ ಹಿಡಿಯುವ ತೊಕುಜಿ. ನನ್ನ ಕೂಗಿಗೆ ಹನೇಡಾದಲ್ಲಿ ಇಳಿಯಬೇಕಿದ್ದ ಎರಡು ವಿಮಾನಗಳು ಹೆದರಿ ಮತ್ತೆ ಮೇಲಕ್ಕೆ ಹೋದವು.

ಮೊನ್ನೆ ಮಧ್ಯಾಹ್ನ ಇದನ್ನು ಕಮಾತದ ಇವಾಕಿರಿಯವರ ಹೋಟೆಲಿನಲ್ಲಿ ಕೂತು ಹೇಳುತ್ತಿದ್ದೆ. ನನ್ನ ತಂಗಿಯ ಮಗಳು ಚಿಗುಸ ಆರು ವರ್ಷದಿಂದ ಅವರ ಕೈಕೆಳಗೆ ಮೀನು ಕೊಯ್ಯುತ್ತಾಳೆ. ಅವತ್ತು ಯಾಕೋ ಹಿಂದುಗಡೆ ತಟ್ಟೆ ತೊಳೆಯುತ್ತಿದ್ದಳು.

"ಹೇಳಪ್ಪ, ಹೇಗೆ ನಿಲ್ಲಿಸಿದೆ?" ಅಂದರು ಇವಾಕಿರಿ.

ಶುರು ಮಾಡಿದೆ. ವಿಷದ ಫುಗು ಮೀನು ಕೊಯ್ಯುವ ಲೈಸೆನ್ಸಿಗೆ ಚಿಗುಸಳ ಪರೀಕ್ಷೆ ಯೊಕೊಹಾಮಾದಲ್ಲಿತ್ತು. ಹನ್ನೆರಡೂವರೆಗೆ ಬಾಗಿಲು ಮುಚ್ಚುತ್ತಾರೆ. ಸ್ವಂತ ಚೂರಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಚೂರಿಗಳು ನನ್ನ ಹತ್ತಿರ. ಅವಳು ಕಮಾತದ ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ನಾನು ರೈಲಿನ ಬಾಗಿಲು ತೆರೆದ ಹದಿನೈದು ಸೆಕೆಂಡಿನಲ್ಲಿ ಚೂರಿಗಳ ಗಂಟು ದಾಟಿಸುವುದು ಎಂದು ಮಾತಾಗಿತ್ತು. ಸ್ಟೇಷನ್ನಿನ ಟಿಕೆಟ್ ಗೇಟು ದಾಟದೆ ಸಾಮಾನು ಕೈಬದಲಾಯಿಸುವುದು ನಮ್ಮಲ್ಲಿ ಮಾಮೂಲು.

ಹೊರಡುವಾಗಲೇ ಫೋನು ಮಾಡಿದ್ದಳು. "ಮಾವ, ವಿಮಾನದ ಗುರುತಿನ ಫಾಸ್ಟ್ ರೈಲು ಹತ್ಬೇಡಿ. ಅದು ಶಿನಗಾವ ಬಿಟ್ಟರೆ ಸೀದಾ ವಿಮಾನ ನಿಲ್ದಾಣ. ಅದರ ಹಿಂದಿಂದು ಹತ್ತಿ."

"ನಂಗೇ ಹೇಳಿಕೊಡ್ತೀಯೇನೇ? ಈ ರೈಲಿನ ಸುರಂಗ ತೋಡುವಾಗ ಮಣ್ಣಿಗೆ ದಾರಿ ತೋರಿಸಿದವನು ನಾನು!"

ಅಸಾಕುಸಕ್ಕೆ ಮೊದಲು ಬಂದ ರೈಲನ್ನೇ ಹತ್ತಿದೆ. ತೊಡೆಯ ಮೇಲೆ ನಾಲ್ಕು ಚೂರಿ. ಮೊದಲು ಪೇಪರು, ಮೇಲೆ ಟವೆಲು, ಅದರ ಮೇಲೆ ಚೀಲ. ಪಕ್ಕದಲ್ಲಿ ಸೂಟ್‌ಕೇಸಿನವರು. ನಿಹೊಂಬಾಶಿ ಹೋಯಿತು, ಶಿಂಬಾಶಿ ಹೋಯಿತು. ಸೆಂಗಾಕುಜಿಯಲ್ಲಿ ಸುರಂಗದ ಚಾಲಕ ಇಳಿದು ಬೇರೆ ಕಂಪನಿಯವನು ಹತ್ತಿದ. ಬಂಡಿ ಅದೇ, ಸೀಟು ಅದೇ, ಹಳಿ ಮಾತ್ರ ಇನ್ನೊಬ್ಬರದು.

ಜೇಬಿನಲ್ಲಿ ಫೋನು ನಡುಗಿತು. 'ಮಾವ, ಎಲ್ಲಿದ್ದೀರಿ? ನನ್ನ ಯೊಕೊಹಾಮಾ ರೈಲು 11:58ಕ್ಕೆ.' ಬಂಡಿಯೊಳಗೆ ಯಾರೂ ಫೋನಿನಲ್ಲಿ ಮಾತಾಡುವಂತಿಲ್ಲ. ಬೆರಳು ಬೆವರಿ ಅಕ್ಷರ ಒತ್ತಲಾಗಲಿಲ್ಲ. ಶಿನಗಾವದಲ್ಲಿ ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ಹೆಣ್ಣುದನಿ ಮೆತ್ತಗೆ ಹೇಳಿತು: "ಮುಂದಿನ ನಿಲ್ದಾಣ, ಹನೇಡಾ ವಿಮಾನ ನಿಲ್ದಾಣ."

ಗಂಟು ಎದೆಗವಚಿಕೊಂಡು ಬಾಗಿಲಿಗೆ ಓಡಿದೆ. ಮನೆಗಳು, ಬಟ್ಟೆ ಒಣಹಾಕಿದ ಬಾಲ್ಕನಿಗಳು, ಎಲ್ಲ ಗೀಟು ಗೀಟಾಗಿ ಹಿಂದೆ ಹೋದವು. ಕಮಾತ ಬಂತು. ಗಾಜಿನಾಚೆ ಚಿಗುಸ, ಎರಡೂ ಕೈ ಚಾಚಿ ನಿಂತಿದ್ದಳು.

"ಆಗ ಕೂಗಿದೆ ನೋಡಿ!" ನಾನು ಮೇಜು ಗುದ್ದಿದೆ. "ರೈಲು ಕಿರ್ರೆಂದು ನಿಂತಿತು. ಬಾಗಿಲು ತಾನೇ ತೆರೀತು. ಗಂಟು ಅವಳ ಕೈಗಿಟ್ಟೆ. ಚಾಲಕ ಇಳಿದು ಬಂದು ಕೈಮುಗಿದ."

ಹಿಂದುಗಡೆ ನೀರಿನ ಸದ್ದು ನಿಂತಿತು. ಚಿಗುಸ ಪರದೆಯ ಸಂದಿಯಿಂದ ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ನನಗೆ ಅರ್ಥವಾಗಲಿಲ್ಲ.

ಇವಾಕಿರಿ ನಗಲಿಲ್ಲ. "ರೈಲು ನಿಂತಿದ್ರೆ ಅವಳಿಗೆ ಪರೀಕ್ಷೆ ಬಾಗಿಲು ಯಾಕೆ ಮುಚ್ಚಿತು?"

"ಅದು..."

"ಚೂರಿ ಮನೇಲಿ ಮರೆತು ಬಂದೆ, ಅದಕ್ಕೇ ತಡ ಆಯ್ತು ಅಂದ್ಲು ನಂಗೆ. ಚೂರಿ ಮರೆಯೋಳು ನನ್ನ ಒಲೆ ಹತ್ರ ಬೇಡ ಅಂತ ಪಾತ್ರೆ ತೊಳೆಯೋಕೆ ಹಾಕಿದೀನಿ. ತಿಂಗಳ ಕೊನೆಗೆ ಮನೆಗೆ ಕಳಿಸೋನಿದ್ದೆ. ಅವಳು ಮನೇಲಿ ಮರೆತ ಚೂರಿ ನಿನ್ನ ಹತ್ರ ಹೇಗೆ ಬಂತು, ತೊಕುಜಿ?"

"ಯಜಮಾನ್ರೆ, ಮಾವ ಹೀಗೇ ಏನಾದ್ರೂ..." ಚಿಗುಸ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ನೀನು ಸುಮ್ನಿರು," ಅಂದರು ಅವರು. ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

ವಿಮಾನಗಳನ್ನು ಹೆದರಿಸಿದ ಗಂಟಲಿನಿಂದ ಇಲಿಮರಿಯಷ್ಟೂ ಸದ್ದು ಬರಲಿಲ್ಲ.

"ಅವಳು ಮರೀಲಿಲ್ಲ," ಅಂದೆ ಕೊನೆಗೆ. "ಒಂದು ವಾರ ಮೊದಲೇ ಸಾಣೆಗೆ ಕೊಟ್ಟಿದ್ಲು. ಹಿಂದಿನ ಸಂಜೆಗೆ ತಂದುಕೊಡ್ತೀನಿ ಅಂದಿದ್ದೆ. ಪರೀಕ್ಷೆ ದಿನ ಬೆಳಿಗ್ಗೆಯಷ್ಟೇ ಕೈ ಹಚ್ಚಿದೆ. ರೈಲು ನಿಲ್ಲಲಿಲ್ಲ ಯಜಮಾನ್ರೆ. ನಾನು ಕೂಗಲೂ ಇಲ್ಲ, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದೆ. ವಿಮಾನ ನಿಲ್ದಾಣದಿಂದ ವಾಪಸು ಬರೋಷ್ಟರಲ್ಲಿ ಹನ್ನೆರಡು ಕಾಲು. ಅಷ್ಟು ಹೊತ್ತೂ ಅವಳು ಅದೇ ಜಾಗದಲ್ಲಿ ನಿಂತಿದ್ಲು, ಒಂದು ಮಾತೂ ಬೈಲಿಲ್ಲ."

"ಶಿನಗಾವದಲ್ಲಿ ಯಾಕೆ ಇಳೀಲಿಲ್ಲ? ಬೋರ್ಡು ಕಾಣಲಿಲ್ವಾ?"

"ಕಾಣ್ತು. ಬಾಗಿಲು ತೆಗೆದೇ ಇತ್ತು, ಓದಿದೆ. ಇಳಿದ್ರೆ ಹಿಂದಿನ ರೈಲಿಗೆ ನಾಲ್ಕು ನಿಮಿಷ ಕಾಯಬೇಕಿತ್ತು, ಅಷ್ಟೇ. ಆದ್ರೆ ಇಳಿದ್ರೆ ಅವಳು ಹೇಳಿದ್ದೇ ಸರಿ ಅಂತ ಆಗ್ತಿತ್ತು. ಅದಕ್ಕೇ ಸೀಟು ಬಿಟ್ಟು ಏಳಲಿಲ್ಲ."