ಪಟ್ಟಿಯಲ್ಲಿ ಮೂರನೆಯ ಹೆಸರು

ಹಾರ ಹಾಕಲು ಬಗ್ಗಿದಾಗ, ಗೋಡೆಗೆ ಆನಿಸಿ ಕೂರಿಸಿದ್ದ ದುರ್ಗಕ್ಕನ ತಲೆ ಮುಂದಕ್ಕೆ ವಾಲಿ ರೇಣುಕಾದೇವಿಯ ಹೆಗಲಿಗೆ ಒರಗಿತು. ಮಗ ಮಾರೆಪ್ಪ ಬಂದು ಹೆಣದ ತಲೆಯನ್ನು ನೆಟ್ಟಗೆ ಮಾಡಿ, ಗದ್ದಕ್ಕೆ ಸುತ್ತಿದ್ದ ಬಟ್ಟೆ ಬಿಗಿದ.

"ಕುಂದ್ರಿ ಮೇಡಮ್ಮರ" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ರೇಣುಕಾದೇವಿ ಹೆಗಲು ಒರೆಸಿಕೊಂಡಳು.

ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವ ಅವಳನ್ನು ಕಂಪ್ಲಿಗೆ ಕರೆಸಿದ್ದು ದುರ್ಗಕ್ಕನ ಮೊಮ್ಮಗಳು ಪಲ್ಲವಿ. "ಅಜ್ಜಿ ಹೋದ್ಲುರಿ. ನಿಮಗ ತಪ್ಪದಂಗ ತಿಳಸಬೇಕಂತ ಹೇಳಿದ್ಲು" ಎಂದು ಬೆಳಿಗ್ಗೆ ಫೋನ್ ಮಾಡಿದ್ದಳು. ದಾರಿಯುದ್ದಕ್ಕೂ ರೇಣುಕಾದೇವಿಗೆ ಒಂದೇ ಭಯ: ಇವರಿಗೆ ಗೊತ್ತಾಗಿದೆಯೋ, ಇಲ್ಲವೋ.

ಅಂಗಳದಲ್ಲಿ ದುರ್ಗಕ್ಕನ ಜೊತೆ ಭತ್ತ ನಾಟಿಗೆ ಹೋಗುತ್ತಿದ್ದ ಹೆಂಗಸರು ಹಾಡುತ್ತಿದ್ದರು. ಹಾಡು ಎತ್ತಿಕೊಳ್ಳುವ ಮೊದಲು ಪ್ರತಿಸಲವೂ ಒಬ್ಬಳು ಹೇಳುವಳು: "ಇದು ದುರ್ಗಕ್ಕ ಕೊಟ್ಟಿದ್ದು. ಆಕಿಗೆ ಗಾದಿಗನೂರು ಜಂಬಕ್ಕ ಕೊಟ್ಟಿದ್ದು."

*

ನಾಲ್ಕು ವರ್ಷದ ಹಿಂದೆ ಗದ್ದೆಯ ಬದುವಿನ ಮೇಲೆ ಕೂತು ದುರ್ಗಕ್ಕನೂ ಹೀಗೇ ಶುರುಮಾಡಿದ್ದಳು. ಪಿಎಚ್.ಡಿ.ಗೆ ಹಾಡು ಕೂಡಿಸಲು ಬಂದಿದ್ದ ರೇಣುಕಾದೇವಿ ಅರ್ಧಕ್ಕೇ ತಡೆದಳು.

"ಹೆಸರು ಬ್ಯಾಡ ಅಜ್ಜಿ, ಹಾಡಷ್ಟ ಹೇಳ್ರಿ."

"ಅದೆಂಗವ್ವ? ಹೆಸರು ಹೇಳದಂಗ ಹಾಡಿದ್ರ, ಕೊಟ್ಟೋರು ಬಂದು ಬಾಗಲಾಗ ನಿಂದರ್ತಾರ."

ನಲವತ್ತು ಹಾಡು ಕೊಟ್ಟಳು. ಬದಲಿಗೆ ಒಂದು ಎಲೆಅಡಿಕೆ ಕೇಳಿದಳು, ಅಷ್ಟೆ.

ಪ್ರಬಂಧದ ಕೊನೆಗೆ ವಕ್ತೃಗಳ ಪಟ್ಟಿ ಬೇಕು. ಹಾಡಿದವರ ಹೆಸರು, ಊರು, ವಯಸ್ಸು, ಒಪ್ಪಿಗೆಯ ಹೆಬ್ಬೆಟ್ಟು. ಹಾಡು ಕೂಡಿಸಿ ಎರಡು ವರ್ಷವಾದ ಮೇಲೆ, ಸಲ್ಲಿಸಲು ಎರಡೇ ದಿನ ಉಳಿದಾಗ, ದುರ್ಗಕ್ಕನ ಹೆಬ್ಬೆಟ್ಟು ತೆಗೆದುಕೊಂಡೇ ಇಲ್ಲವೆಂದು ನೆನಪಾಯಿತು. ಕಂಪ್ಲಿ ಏನು ಕಾಶಿಯಷ್ಟು ದೂರವೇ? ಆದರೂ ಹೋಗಲಿಲ್ಲ. ಸತ್ತವರ ಹೆಬ್ಬೆಟ್ಟನ್ನು ಯಾರೂ ಕೇಳುವುದಿಲ್ಲ. ಮೂರನೆಯ ಹೆಸರಿನ ಮುಂದೆ 'ದಿವಂಗತ' ಎಂದು ಟೈಪ್ ಮಾಡಿದಳು. ನಂಬಿಕೆ ಬರಲೆಂದು ತಾರೀಖನ್ನೂ ಹಾಕಿದಳು, ಮಾರ್ಚ್ ಹನ್ನೆರಡು. ಆ ಪ್ರಬಂಧದಿಂದಲೇ ಡಾಕ್ಟರೇಟು ಬಂತು, ಕೆಲಸವೂ ಬಂತು.

*

ಪಲ್ಲವಿ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತಳು. ಅವಳೀಗ ಎಂ.ಎ. ಓದುತ್ತಿದ್ದಾಳೆ.

"ನಿಮ್ಮ ಪ್ರಬಂಧ ನಮ್ಮ ಲೈಬ್ರರ್ಯಾಗ ಐತ್ರಿ. ದೀಪಾವಳಿಗೆ ಬಂದಾಗ ಅಜ್ಜಿಗೆ ಓದಿ ಹೇಳಿದೆ."

ರೇಣುಕಾದೇವಿ ಲೋಟ ಕೆಳಗಿಟ್ಟಳು. "ಏನಂದ್ರು?"

"ಮೊದಲ ಭಾಳ ನಕ್ಕಳು. ಆಮ್ಯಾಲ ತಾರೀಖು ಯಾವ್ದು, ಯಾವ್ದು ಅಂತ ಮತ್ತ ಮತ್ತ ಕೇಳಿದ್ಲು. ಅವತ್ತಿಂದ ಹೆಸರು ಹಿಡದು ಕರದ್ರ ಓ ಅನ್ನಲಿಲ್ಲರಿ. ಉಣ್ಣಾಕ ಕರದ್ರ, ಸತ್ತೋರು ಉಣ್ತಾರೇನವ್ವ ಅಂತಿದ್ಲು. ಅನಕೋಂತನ ಎರಡು ರೊಟ್ಟಿ ತಿಂತಿದ್ಲು, ಅದು ಬ್ಯಾರೆ."

ಪಲ್ಲವಿ ನಗಲು ಹೋಗಿ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು.

"ಜಡ್ಡು ಜಾಪತ್ರಿ ಏನಿರಲಿಲ್ಲ. ನಿನ್ನೆ ಸಂಜಿಗೆ ಮೈ ತೊಳಕೊಂಡು, ಹೊಸ ಸೀರಿ ಉಟಗೊಂಡು, ನಾಳೆ ಹನ್ನೆರಡಲ್ಲೇನ ಅಂದ್ಲು. ಬೆಳಿಗ್ಗೆ ನೋಡಿದ್ರ ಈ ಗ್ವಾಡಿಗೇ ಒರಗಿ ಕುಂತಿದ್ಲು."

ಇವತ್ತು ಮಾರ್ಚ್ ಹನ್ನೆರಡು. ರೇಣುಕಾದೇವಿ ತಲೆ ಎತ್ತಿದಳು. ಎದುರಿಗೆ ದುರ್ಗಕ್ಕನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ.

"ತಪ್ಪಾತು ಪಲ್ಲವಿ. ವಿಶ್ವವಿದ್ಯಾಲಯಕ್ಕ ಬರದು ತಿದ್ದಸ್ತೀನಿ. ಕೆಲಸ ಹೋದ್ರ ಹೋಗಲಿ."

"ಏನಂತ ತಿದ್ದಸ್ತೀರಿ? ಈಗ ಅದು ಖರೇನ ಆತಲ್ರಿ."

*

ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆ ದಂಡೆಯ ಗುಂಡಿಗೆ ಇಳಿಸಿದರು. ನೆರೆದವರೆಲ್ಲ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ರೇಣುಕಾದೇವಿಗೆ ದುಃಖ ಉಕ್ಕಿ ಬಂತು. ಇದೊಂದನ್ನಾದರೂ ಸರಿಯಾಗಿ ಮಾಡಿ ಹೋಗಬೇಕು ಅನ್ನಿಸಿತು. ಅವಳೂ ಒಂದು ಹಿಡಿ ತುಂಬಿಕೊಂಡು ಗುಂಡಿಯ ಅಂಚಿಗೆ ಬಂದಳು.

ಮಾರೆಪ್ಪ ಅವಳ ಮಣಿಕಟ್ಟು ಹಿಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಮೇಡಮ್ಮರ. ನಿಮ್ಮ ಪಾಲಿಂದು ನೀವು ಎರಡು ವರ್ಷದ ಹಿಂದನ ಹಾಕೀರಿ."

ಹಿಂದಿದ್ದವರು ಅವಳನ್ನು ದಾಟಿಕೊಂಡು ಮುಂದೆ ಹೋದರು.

ಹೊಸಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದಾಗ ರೇಣುಕಾದೇವಿ ಎಡಗೈಯಲ್ಲೇ ತಡಕಾಡಿ ತೆಗೆದು ತೋರಿಸಿದಳು. ಬಲಮುಷ್ಟಿ ಮುಚ್ಚಿಯೇ ಇತ್ತು. ಬೆರಳ ಸಂದಿಯಿಂದ ಕರಿಮಣ್ಣು ಮಡಿಲಿಗೆ ಉದುರುತ್ತಿತ್ತು.