ಹದಿನಾರು ಪುಟ್ಟಿ ಮಣ್ಣು

ಕೊಂಡಜ್ಜಿ ಕೆರೆಗೆ ಒಂದು ಕಟ್ಟಳೆಯಿತ್ತು. ಬೇಸಿಗೆಯಲ್ಲಿ ಹೂಳೆತ್ತಲು ಮನೆಗೊಂದಾಳು ಬರಬೇಕು. ಒಂದು ದಿನ ತಪ್ಪಿಸಿಕೊಂಡವರು ಎರಡು ಪುಟ್ಟಿ ಮಣ್ಣು ಹೆಚ್ಚಿಗೆ ಹೊರಬೇಕು. ದುಡ್ಡು ಕೊಟ್ಟು ಜಾರಿಕೊಳ್ಳುವಂತಿಲ್ಲ. ತಪ್ಪಿತಸ್ಥ ಓಡಿಹೋದರೆ ಅವನಿಗೆ ಹೊಣೆ ನಿಂತವನು ಹೊರಬೇಕು. ಕೆರೆಯ ನೀರು ಬಿಡುವ ನೀರುಗಂಟಿ ಗುಡ್ಡಪ್ಪ ಇದನ್ನು ಯಾರ ಮುಖವನ್ನೂ ನೋಡದೆ ನಡೆಸುತ್ತಿದ್ದ. ಮಗುವಿಗೆ ಜ್ವರವೆಂದು ಮನೆಯಲ್ಲುಳಿದ ತಂಗಿ ದುರುಗವ್ವನ ತಲೆಗೂ ಎರಡು ಪುಟ್ಟಿ ಹೊರಿಸಿದ್ದ.

ಅಂಥವನು ಐವತ್ತೇಳರ ಚುನಾವಣೆಯಲ್ಲಿ ಕೆಂಚವೀರಪ್ಪನಿಗಾಗಿ ಮನೆಮನೆ ತಿರುಗಿದ. "ಒಡೆದ ತೂಬು ಕಟ್ಟಿಸಿಕೊಡ್ತಾರೆ, ನಾನು ಹೊಣೆ" ಎಂದ. ಕೆಂಚವೀರಪ್ಪ ಗೆದ್ದ. ತೂಬಿನ ಬಗ್ಗೆ ಅವನು ಕೇಳಬೇಕಿದ್ದ ಪ್ರಶ್ನೆ ವಿಧಾನಸಭೆಗೆ ಬರುವ ದಿನ ಗುಡ್ಡಪ್ಪ ಹರಿಹರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಣ್ಣಾರೆ ನೋಡಿದ. ಹೆಸರು ಕೂಗಿದರು, ಕುರ್ಚಿ ಖಾಲಿ. ಪ್ರಶ್ನೆ ಬಿದ್ದುಹೋಯಿತು. ಆ ಪುಣ್ಯಾತ್ಮ ಆ ಹೊತ್ತಿಗೆ ದಾವಣಗೆರೆಯ ಸಾಹುಕಾರರ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಿದ್ದ. ಎಂಟು ದಿನದಿಂದ ಆಸಾಮಿ ಸಭೆಗೆ ಬಂದಿಲ್ಲವೆಂದು ಅಲ್ಲಿನ ಜವಾನ ನಕ್ಕು ಹೇಳಿದ. ನಾಚಿಕೆಯಾದದ್ದು ಗುಡ್ಡಪ್ಪನಿಗೆ, ಆಗಬೇಕಾದವನಿಗೆ ಅದರ ಗಾಳಿಯೂ ಸೋಕಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೆಂಚವೀರಪ್ಪ ಶ್ರಮದಾನ ಉದ್ಘಾಟಿಸಲು ಕೆರೆಗೇ ಬಂದ. ಒಡೆದ ತೂಬಿನ ಪಕ್ಕದಲ್ಲೇ ಚಪ್ಪರ, ತೋರಣ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಗರಿಗರಿ ಖಾದಿಯ ಶಾಸಕ, ಹಿಡಿ ಮಣ್ಣಿದ್ದ ಪುಟ್ಟಿಯನ್ನು ಭುಜದವರೆಗೆ ಎತ್ತಿ, ಫೋಟೋ ತೆಗೆದೊಡನೆ ಇಳಿಸಹೋದ.

"ಇಳಿಸಬ್ಯಾಡ್ರಿ ಸಾಹೇಬ್ರೆ," ಎಂದ ಗುಡ್ಡಪ್ಪ. "ಎಂಟು ದಿನ ಸಭೆ ತಪ್ಪಿಸೀರಿ. ನಮ್ಮ ಕಟ್ಟಳೆಗೆ ಹದಿನಾರು ಪುಟ್ಟಿ ಆಗ್ತೈತೆ."

ಕೆಂಚವೀರಪ್ಪ ನಕ್ಕು ಹತ್ತರ ನೋಟು ಚಾಚಿದ. "ಆಳು ಹಚ್ಚಿ ಹೊರಸಯ್ಯ."

"ದುಡ್ಡು ನಡೆಯಂಗಿಲ್ರಿ. ತಲೆ ಬೇಕು."

"ಸಭೆಗೆ ಹೋದ್ರೆ ಭತ್ಯೆ ಐತೆ. ಹೋಗದಿದ್ರೆ ದಂಡ ಅಂತ ಎಲ್ಲಿ ಬರೆದೈತೆ? ನಮ್ಮನ್ನ ಕೇಳೋರು ಯಾರಯ್ಯ?"

ಪುಟ್ಟಿಯನ್ನು ಅಲ್ಲೇ ಕುಕ್ಕಿ, ಕೈಯೊರೆಸಿಕೊಂಡು ಕಾರು ಹತ್ತಿದ. ಗುಡ್ಡಪ್ಪ ಕಾರಿನ ಧೂಳಿಗೆ ಥೂ ಎಂದು ಉಗಿದ.

"ಅವನಿಗ್ಯಾಕ ಉಗೀತಿ ಅಣ್ಣಾ?" ಎಂದಳು ದುರುಗವ್ವ. "ಅವನು ಓಡಿಹೋದ. ಹೊಣೆ ನಿಂತೋರು ಯಾರು?"

ಗುಡ್ಡಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ತೀರಿಸುವುದು? ಅವನು ರುಮಾಲು ಬಿಚ್ಚಿ, ಸಿಂಬೆ ಸುತ್ತಿ, ತಲೆ ಬಗ್ಗಿಸಿ ನಿಂತ.

"ತುಂಬವ್ವಾ. ಅವನಂಗೆ ಹಿಡಿ ಮಣ್ಣು ಬ್ಯಾಡ, ಬಾಯಿತನಕ ತುಂಬು."

ಅವಳು ಬಾಯಿತನಕವೇ ತುಂಬಿದಳು. ಹದಿನಾರನ್ನೂ ಗಟ್ಟಿಯಾಗಿ ಎಣಿಸಿದಳು, ಒಂದನ್ನೂ ಬಿಡಲಿಲ್ಲ.