ಲಿಫ್ಟ್ ತನಕ ಎಷ್ಟು ಮೆಟ್ಟಿಲು?

ರೇಷ್ಮೆ ಹುಳು ಸಾಕುವ ಮನೆಗೆ ರಜೆ ಎಂಬುದೇ ಇಲ್ಲ. ಹುಳಕ್ಕೆ ಭಾನುವಾರ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಅಷ್ಟೇ. ಗೂಡು ಬಿಡಿಸಿ ಕೊಳ್ಳೇಗಾಲದ ಮಾರುಕಟ್ಟೆಗೆ ಸಾಗಿಸಿದ ಮೇಲೆ, ಮುಂದಿನ ಬೆಳೆಯ ಮರಿಹುಳು ಬರುವ ತನಕ ಹತ್ತು ದಿನ ಸಿಗುತ್ತದೆ. ಮದುವೆಗೆ ಹೋಗುವುದಿರಲಿ, ಹಲ್ಲು ಕೀಳಿಸುವುದಿರಲಿ, ಎಲ್ಲವೂ ಆ ಹತ್ತು ದಿನದೊಳಗೇ ಆಗಬೇಕು.

2002ರ ಏಪ್ರಿಲ್ ತಿಂಗಳು. ಹೊನ್ನೂರಿನ ಗುರುಮಲ್ಲಪ್ಪ ಸೋಮವಾರ ಗೂಡು ಮಾರಿ ಬಂದವನು ಚಪ್ಪಲಿ ಬಿಡುವ ಮೊದಲೇ ಸಾರಿಬಿಟ್ಟ.

"ಈ ಶನಿವಾರ ಮೈಸೂರ್‌ಗೆ ಓಯ್ತೀವಿ. ಎರಡು ದಿವ್ಸ ಲಾಡ್ಜಲ್ಲಿ ಇರ್ತೀವಿ. ಭಾನುವಾರ ಸಂದೇಲಿ ಅವ್ವಂಗೆ ಅರಮನೆ ದೀಪ ತೋರುಸ್ತೀನಿ!"

ಅವನ ಅವ್ವ ಗುರುಬಸಮ್ಮನಿಗೆ ಅರವತ್ತೆಂಟು ವರ್ಷ. ನಲವತ್ತು ವರ್ಷ ಹುಳು ಸಾಕಿದ ಕೈ. "ಹುಳ ಬುಟ್ಟು ಎಲ್ಗೋಗನ?" ಎಂದುಕೊಂಡೇ ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ ಒಂದು ರಾತ್ರಿಯೂ ತಂಗಿದವಳಲ್ಲ. ಮಗನ ಮಾತು ಕೇಳಿ ಮುದುಕಿಯ ಮುಖ ಅರಳಿತು. ಅರಳಿದ್ದು ಅಷ್ಟೇ ಬೇಗ ಬಾಡಿತು. ಅದನ್ನು ನೋಡಿದವಳು ಸೊಸೆ ಮಹಾದೇವಮ್ಮ ಒಬ್ಬಳೇ. ಗುರುಮಲ್ಲಪ್ಪ ಆಗಲೇ ಜೇಬಿನಿಂದ ಬಣ್ಣದ ಕಾರ್ಡೊಂದನ್ನು ತೆಗೆದು ಬೀದಿಯವರಿಗೆಲ್ಲ ತೋರಿಸಲು ಹೊರಟಿದ್ದ.

ಮೈಸೂರು ಬಸ್‌ ನಿಲ್ದಾಣದ ಹತ್ತಿರದ ಲಾಡ್ಜೊಂದರ ಕಾರ್ಡು ಅದು. 'ಲಿಫ್ಟ್, ಟಿ.ವಿ., 24 ಗಂಟೆ ಬಿಸಿನೀರು, ಸಕಲ ಸೌಕರ್ಯ' ಎಂದು ಅಚ್ಚಾಗಿತ್ತು. ಕೊಳ್ಳೇಗಾಲದ ಹೋಟೆಲಿನಲ್ಲಿ ಯಾರೋ ಹಂಚುತ್ತಿದ್ದರಂತೆ. ಗುರುಮಲ್ಲಪ್ಪನಿಗೆ ಅಷ್ಟೇ ಸಾಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ಅಂದಿನಿಂದ ಮಹಾದೇವಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸೀರೆ ಮಡಿಸಿದಳು, ಮತ್ತೆ ಬಿಚ್ಚಿದಳು. ಏನೋ ಸರಿಯಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಏನೆಂದು ಮಾತ್ರ ಗೊತ್ತಾಗಲಿಲ್ಲ. ಮಂಗಳವಾರ ಮಧ್ಯಾಹ್ನ ಗೊತ್ತಾಯಿತು. ಅತ್ತೆಯ ಪಕ್ಕದಲ್ಲಿ ಬೆಳಿಗ್ಗೆ ಇಟ್ಟ ಚೊಂಬಿನ ನೀರು ಇಟ್ಟ ಹಾಗೇ ಇತ್ತು.

"ಅತ್ತೆ, ನೀರು ಕುಡ್ದೇ ಇಲ್ವಲ್ಲ? ಡಾಕ್ಟರಮ್ಮ ಏನಂದಿದ್ರು ಮರ್ತ್ರಾ?"

ಹೋದ ವರ್ಷ ನೀರು ಕಡಿಮೆ ಕುಡಿದು ಗುರುಬಸಮ್ಮನಿಗೆ ಉರಿಮೂತ್ರವಾಗಿ, ಜ್ವರ ಏರಿ, ಯಳಂದೂರಿನ ಆಸ್ಪತ್ರೆಯಲ್ಲಿ ಆರು ದಿನ ಮಲಗಿಸಿದ್ದರು. ಇನ್ನೊಂದು ಸಲ ಹೀಗಾದರೆ ಕಿಡ್ನಿಗೆ ಕುತ್ತು ಎಂದು ಡಾಕ್ಟರಮ್ಮ ಗದರಿ ಕಳಿಸಿದ್ದರು.

ಮುದುಕಿ ಸೆರಗಿನ ಅಂಚು ತಿರುಚುತ್ತಾ ಕೂತಳು. ಆಮೇಲೆ ಮೆಲ್ಲಗೆ ಅಂದಳು:

"ಅಬ್ಯಾಸ ಮಾಡ್ಕತಾ ಇವ್ನಿ ಕಣ್‌ ಕೂಸೇ. ಎರಡು ದಿವ್ಸ ನೀರಿಲ್ದೆ ಇರಕ್ಕಾಯ್ತದಾ ಅಂತ. ಅಲ್ಲಿ ಕಕ್ಕಸ್ಗೆ ಓಗಕ್ಕೆ ಕುಕ್ಕುರುಗಾಲಲ್ಲಿ ಕೂರ್ಬೇಕಲ್ಲ, ನನ್ನ ಮಂಡಿ ಮಡುಚ್ತದಾ? ಮಗ ಆಸೆ ಮಾಡವ್ನೆ. ಅವ್ನಿಗೆ ಏಳ್ಬ್ಯಾಡ."

ಮನೆಯಲ್ಲಿ ಅತ್ತೆಗಾಗಿ ನಡುವೆ ತೂತು ಕೊರೆಸಿದ ಮರದ ಕುರ್ಚಿಯಿತ್ತು. ಆ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಮೈಸೂರಿಗೆ ಹೋಗಲಾದೀತೇ? ಅತ್ತೆ ಹೇಳಬೇಡ ಎಂದರೂ ಮಹಾದೇವಮ್ಮ ಹೋಗಿ ಗಂಡನಿಗೆ ಹೇಳಿದಳು. ಇಂಥದ್ದನ್ನು ಮುಚ್ಚಿಡುವುದು ಮರ್ಯಾದೆಯಲ್ಲ, ಮೂರ್ಖತನ.

ಗುರುಮಲ್ಲಪ್ಪ ಆಗ ಸೀಮೆಎಣ್ಣೆ ಸ್ಟೌವ್, ಮುದ್ದೆ ತಿರುವುವ ಕೋಲು, ಎರಡು ಸೇರು ರಾಗಿಹಿಟ್ಟನ್ನು ಚೀಲಕ್ಕೆ ತುಂಬುತ್ತಿದ್ದ.

"ನೀನೊಬ್ಳು! ಮಾದಪ್ಪನ ಬೆಟ್ಟಕ್ಕೆ ಪರಸೆ ಓದಾಗ ಏನ್ ಕೇಳ್ಕಂಡು ಓಗಿದ್ವಾ? ಓದ್ವಿ, ಕಂಬ್ಳಿ ಹಾಸಿದ್ವಿ, ಮೂರು ಕಲ್ಲು ಇಟ್ಟು ಒಲೆ ಹೂಡಿದ್ವಿ, ಉಂಡು ಮಲಗಿದ್ವಿ. ಇದ್ರಲ್ಲಿ ಲಿಫ್ಟು, ಟೀವಿ ಬ್ಯಾರೆ ಅವೆ. ಇನ್ನೇನ್ ಬೇಕು ನಿಂಗೆ?"

"ಬೆಟ್ಟಕ್ಕೆ ಓದಾಗ ಅತ್ತೆ ಮಂಡಿ ನೆಟ್ಟಗಿತ್ತು ಕಣ್ರಿ."

"ಸಕಲ ಸೌಕರ್ಯ ಅಂತ ಅಚ್ಚು ಹಾಕ್ಸವ್ರೆ. ಸುಳ್ಳಾ ಅದು?"

"ಸುಳ್ಳೋ ನಿಜ್ವೋ, ನಾಳೆ ಪುಟ್ಟಮಾದಣ್ಣನ್ನ ಕೇಳವ ಬನ್ನಿ."

ಪುಟ್ಟಮಾದಪ್ಪ ಹದಿನೆಂಟು ವರ್ಷ ಮೈಸೂರಿನ ಲಾಡ್ಜುಗಳಲ್ಲಿ ರೂಮು ಗುಡಿಸಿ, ಹಾಸಿಗೆ ಕೊಡವಿ, ಊರಿಗೆ ಮರಳಿದವನು. ಯಳಂದೂರು ಬಸ್‌ ನಿಲ್ದಾಣದ ಎದುರು ಟೀ ಅಂಗಡಿ ಇಟ್ಟಿದ್ದ. ಬುಧವಾರ ಗಂಡ ಹೆಂಡತಿ ಅಲ್ಲಿಗೆ ಹೋದರು. ಕಾರ್ಡು ನೋಡಿ ಅವನು ಮೀಸೆಯಡಿಯಲ್ಲೇ ನಕ್ಕ. ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇತ್ತು.

"ಒಂದು ಫೋನ್ ಮಾಡು ಗುರುಮಲ್ಲಣ್ಣ, ನೋಡವ."

ಗುರುಮಲ್ಲಪ್ಪ ಗತ್ತಿನಿಂದ ಬೂತಿನೊಳಗೆ ಹೋದ. "ಸಾ, ನಿಮ್ಮಲ್ಲಿ ಎಲ್ಲಾ ಅದಾ?" ಎಂದ. ಆ ಕಡೆಯಿಂದ ಬಂದ ಉತ್ತರ ಕೇಳಿ ಎದೆಯುಬ್ಬಿಸಿ ಹೊರಬಂದ.

"ನೋಡು, ಎಲ್ಲಾ ಇದೆ ಅಂದ್ರು!"

"ಎಲ್ಲಾ ಇದೆ ಅಂತ ಹದಿನೆಂಟು ವರ್ಷ ನಾನೇ ಏಳಿವ್ನಿ ಕಣಣ್ಣ," ಎಂದ ಪುಟ್ಟಮಾದಪ್ಪ, ಟೀ ಸೋಸುತ್ತಾ. "ಇದೆಯಾ ಅಂದ್ರೆ ಯಾರಾದ್ರೂ ಇಲ್ಲ ಅಂತಾರಾ? ಎಲ್ಲಿ ಅದೆ, ಎಷ್ಟೊತ್ತು ಇರ್ತದೆ, ನನ್ನ ರೂಮಲ್ಲಿ ಅದಾ, ಅಂಗೆ ಕೇಳ್ಬೇಕು. ತಂಗ್ಯವ್ವ, ಈಗ ನೀನು ಮಾಡು. ಅತ್ತೆ ಬೆಳಿಗ್ಗೆ ಎದ್ದಾಗಿಂದ ಮಲಗೋಗಂಟ ಏನೇನ್ ಮಾಡ್ತಾರೆ ಅಂತ ನೆನಸ್ಕೋ. ಅದ್ನೇ ಕೇಳು."

ಮಹಾದೇವಮ್ಮ ಬೂತಿನೊಳಗೆ ಹೋಗಿ ಫೋನ್ ಹಿಡಿದಳು. ಮುಖ ಕಾಣದವರ ಹತ್ತಿರ ಕಕ್ಕಸಿನ ಮಾತಾಡುವುದು ಹೇಗೆ? ಆದರೆ ತುಂಬಿದ ಚೊಂಬು ಕಣ್ಣ ಮುಂದೆ ಬಂತು. ನಾಚಿಕೆ ಬಿಟ್ಟು ಕೇಳಿದಳು.

"ಸಾ, ನಮ್ಮತ್ತೆಗೆ ಮಂಡಿ ನೋವು. ಕೆಳಗಡೆ ರೂಮ್ ಸಿಕ್ತದಾ?"

"ಲಿಫ್ಟ್ ಇದೆಯಮ್ಮ, ಯೋಚನೆ ಮಾಡ್ಬೇಡಿ."

"ರಸ್ತೆಯಿಂದ ಲಿಫ್ಟ್ ತನಕ ಎಷ್ಟು ಮೆಟ್ಲು ಸಾ?"

"ಹದಿನಾಲ್ಕು."

"ಕರೆಂಟ್ ಓದ್ರೆ?"

"ಬರೋವರೆಗೂ ಕಾಯ್ಬೇಕಾಗುತ್ತೆ."

"ಕುರ್ಚಿ ತರ ಕೂರೋ ಕಕ್ಕಸು ಅದಾ?"

"ಇದೆ. ಮೂರನೇ ಮಹಡಿಯ ಎರಡು ರೂಮಲ್ಲಿ."

"ಆ ರೂಮನ್ನೇ ನಮ್ಮ ಹೆಸರಿಗೆ ಬರ್ದು ಇಡ್ತೀರಾ?"

"ಹಾಗೆಲ್ಲ ಆಗಲ್ಲಮ್ಮ. ಬಂದಾಗ ಯಾವುದು ಖಾಲಿ ಇದ್ರೆ ಅದು."

ಬಿಸಿನೀರನ್ನೂ ಕೇಳಿದಳು. ಕಾರ್ಡಿನ ಇಪ್ಪತ್ತನಾಲ್ಕು ಗಂಟೆ ಈಗ ಬೆಳಿಗ್ಗೆ ಆರರಿಂದ ಎಂಟಕ್ಕೆ ಇಳಿಯಿತು. ರೂಮಿನಲ್ಲಿ ಸ್ಟೌವ್ ಹಚ್ಚಬಹುದೇ ಎಂದದ್ದಕ್ಕೆ ಆ ಮನುಷ್ಯ ಗಾಬರಿಯಾಗಿ, "ಅಯ್ಯಯ್ಯೋ, ಬೇಡ ತಾಯಿ! ಬೆಂಕಿ ಗಿಂಕಿ ಬಿದ್ದೀತು!" ಎಂದ.

ಹೊರಬಂದು ಅವಳು ಎಲ್ಲವನ್ನೂ ಹೇಳಿದಾಗ ಗುರುಮಲ್ಲಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಾಗೆಂದು ಅವನು ಬಗ್ಗುವವನಲ್ಲ.

"ಎರಡು ದಿವ್ಸ ತಾನೆ? ಅವ್ವನ್ನ ನಾನೇ ಎತ್ಕಂಡು ಹತ್ತುಸ್ತೀನಿ. ಊರಿಗೆಲ್ಲ ಏಳಿವ್ನಿ, ಈಗ ಬ್ಯಾರೆ ಲಾಡ್ಜು ಹುಡುಕ್ಲಾ?"

ಊರಿಗೆ ಮರಳುವ ಬಸ್ಸಿನಲ್ಲಿ ಮಹಾದೇವಮ್ಮ ಬೆರಳಲ್ಲಿ ದಿನ ಎಣಿಸಿದಳು. ಬುಧವಾರ ಮುಗಿಯಿತು, ಗುರುವಾರ, ಶುಕ್ರವಾರ. ಶನಿವಾರ ಮುದುಕಿ ಒಣಗಿದ ಬಾಯಲ್ಲಿ ಬಸ್ಸು ಹತ್ತುತ್ತಾಳೆ. ಬಿಟ್ಟು ಹೋಗೋಣವೆಂದರೆ, ನಲವತ್ತು ವರ್ಷದ ಮೇಲೆ ಬಂದ ಮೊದಲ ರಜೆ. ಕರೆದುಕೊಂಡು ಹೋಗೋಣವೆಂದರೆ, ಮತ್ತೆ ಆಸ್ಪತ್ರೆ.

ಮನೆಗೆ ಬಂದರೆ ಗುರುಬಸಮ್ಮನೇ ಮಾತು ತೆಗೆದಳು. "ನನ್ನ ಬುಟ್ಟು ನೀವಿಬ್ರೂ ಓಗಿ ಬನ್ನಿ. ನಾನು ಹಟ್ಟಿ ಕಾಯ್ತೀನಿ." ಹೇಳುವಾಗ ನಗಲು ನೋಡಿದಳು. ನಗು ಬರಲಿಲ್ಲ.

ಗುರುಮಲ್ಲಪ್ಪ ಹುಳುವಿನ ಮನೆಗೆ ನುಗ್ಗಿದ. ಮುಂದಿನ ಬೆಳೆಗೆ ಅದನ್ನು ತೊಳೆದು ಅಣಿ ಮಾಡಬೇಕಿತ್ತು. ಗೋಡೆಗೆ ಅಂಗೈ ಒತ್ತಿ ತೇವ ಇದೆಯೇ ನೋಡಿದ. ಮೂಲೆಗೆ ಮೂಗು ಹಿಡಿದು ವಾಸನೆ ನೋಡಿದ. ಹುಳುವನ್ನು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಕಟ್ಟಿದ ಪರದೆಯಲ್ಲಿ ಒಂದು ತೂತು ಕಂಡು ಬೈದುಕೊಳ್ಳುತ್ತಾ ಹೊಲಿದ. ಮಹಾದೇವಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಅದ್ಯಾಕೆ ಗ್ವಾಡೆ ಮುಟ್ಟಿ ಮುಟ್ಟಿ ನೋಡ್ತೀರಿ? ಹಂಚದೆ, ಬಾಗ್ಲದೆ. ಸಕಲ ಸೌಕರ್ಯ. ತಂದು ಸುರೀರಿ ಹುಳವ."

"ತಲೆ ಕೆಟ್ಟಿದಾ ನಿಂಗೆ? ತೇವ ಇದ್ರೆ ಸುಣ್ಣಕಟ್ಟು ರೋಗ ಬತ್ತದೆ. ಗಾಳಿ ಆಡ್ದಿದ್ರೆ ಸಾಯ್ತವೆ. ನೋಡ್ದೆ ಗೀಡ್ದೆ ಹುಳ ತಂದು ಮಲಗುಸ್ತಾರಾ ಯಾರಾದ್ರೂ?"

"ಹುಳ ಮಲಗ್ಸಕ್ಕೆ ಇಷ್ಟು ನೋಡ್ತೀರಿ. ಹೆತ್ತವ್ವನ್ನ ಮಲಗ್ಸಕ್ಕೆ ಒಂದು ಕಾರ್ಡು ಸಾಕಾಯ್ತಾ?"

ಗುರುಮಲ್ಲಪ್ಪನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. ಆಮೇಲೆ ಎದ್ದು ಹೊರಗೆ ಬಂದು, ಒಂದು ಹಿಪ್ಪುನೇರಳೆ ಕಡ್ಡಿ ಮುರಿದು, ಅವ್ವನ ತೂತಿನ ಕುರ್ಚಿಯ ಪಕ್ಕ ನಿಲ್ಲಿಸಿ, ಅದರ ಎತ್ತರಕ್ಕೆ ಮಚ್ಚಿನಲ್ಲಿ ಗುರುತು ಹಾಕಿದ. ಏಕೆಂದು ಹೆಂಡತಿ ಕೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು.

ಗುರುವಾರ ಮೊದಲ ಬಸ್ಸಿಗೇ ಅವನು ಮೈಸೂರಿಗೆ ಹೋದ. ಅವತ್ತು ಇಡೀ ದಿನ ಮಹಾದೇವಮ್ಮ ಬೀದಿಗೂ ಮನೆಗೂ ಓಡಾಡಿದ್ದೇ ಆಯಿತು. ಸಂಜೆ ಬಂದವನ ಕೈಯಲ್ಲಿ ಕಡ್ಡಿಯಿತ್ತು, ಮುಖದಲ್ಲಿ ಬೆವರು.

"ನಾಕು ಲಾಡ್ಜು ನೋಡ್ದೆ ಕಣಮ್ಮಿ. ಒಂದ್ರಲ್ಲಿ ಗ್ವಾಡೆ ಮುಟ್ಟುದ್ರೆ ಕೈಯೆಲ್ಲ ನೀರು. ಇನ್ನೊಂದ್ರಲ್ಲಿ ಹಾಸ್ಗೆ ಎತ್ತಿ ನೋಡ್ದೆ, ತಿಗಣೆ. ಮೂರನೇದ್ರಲ್ಲಿ ಕಕ್ಕಸ್ನಲ್ಲಿ ನಲ್ಲಿ ತಿರುಗುಸ್ದೆ, ಬರೀ ಗಾಳಿ. ನಾಕನೇದು ಒಂದು ಗಲ್ಲೀಲದೆ, ಬೋರ್ಡೂ ಸರಿಯಾಗಿ ಕಾಣಲ್ಲ. ಟೀವಿ ಇಲ್ಲ. ಆದ್ರೆ ಬಾಗ್ಲಿಗೆ ಒಂದೇ ಮೆಟ್ಲು. ಕೂರೋ ಕಕ್ಕಸು, ಕಡ್ಡಿ ಇಟ್ಟು ನೋಡ್ದೆ, ಒಂದು ಬೆರಳು ಎಚ್ಚು ಕಮ್ಮಿ ಅಷ್ಟೆ. ಕಿಟಕಿಗೆ ಸೊಳ್ಳೆ ಪರದೆ ಅದೆ. ಮಗ್ಗುಲಲ್ಲೇ ಮುದ್ದೆ ಊಟದ ಹೋಟ್ಲು. ಅಲ್ಲಿದ್ದಾತ 'ಏನ್ರೀ, ಮನೆ ಕೊಂಡ್ಕೋತೀರಾ?' ಅಂತ ನಕ್ಕ. 'ಇಲ್ಲ ಸಾ, ಅವ್ವನ್ನ ಮಲಗುಸ್ತೀನಿ' ಅಂದೆ. ತಕ್ಷಣ ಚೀಟಿ ಬರ್ಕೊಟ್ಟ."

ರೂಮಿನ ನಂಬರು, ತಾರೀಕು, ಗುರುಮಲ್ಲಪ್ಪನ ಹೆಸರು ಬರೆದು ಸಹಿ ಹಾಕಿದ ಚೀಟಿಯನ್ನೂ ತಂದಿದ್ದ. ಸ್ಟೌವನ್ನು ಅವನೇ ಚೀಲದಿಂದ ತೆಗೆದು ಅಟ್ಟಕ್ಕೆ ಎತ್ತಿಟ್ಟ. ಊರಿನವರ ಮುಂದೆ ಅವನ ಮೀಸೆ ಮಣ್ಣಾಗಲಿಲ್ಲ. ಬಣ್ಣದ ಕಾರ್ಡು ಏನಾಯಿತು ಎಂದು ಯಾರೂ ಕೇಳಲೂ ಇಲ್ಲ.

ಶನಿವಾರ ಮಧ್ಯಾಹ್ನ ಮೂವರೂ ಆ ಗಲ್ಲಿಯ ಲಾಡ್ಜಿಗೆ ಬಂದರು. ಗುರುಬಸಮ್ಮ ಗೋಡೆ ಹಿಡಿದು, ಒಂದೇ ಮೆಟ್ಟಿಲು ಹತ್ತಿ, ಒಳಗೆ ಹೋದಳು. ಕಕ್ಕಸಿನ ಬಾಗಿಲು ಮುಚ್ಚಿಕೊಂಡಿತು. ಗಂಡ ಹೆಂಡತಿ ಹೊರಗೆ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಸ್ವಲ್ಪ ಹೊತ್ತಿಗೆ ನೀರು ಬಿಟ್ಟ ಸದ್ದಾಯಿತು. ಮುದುಕಿ ಹೊರಬಂದು ಮಂಚದ ಮೇಲೆ ಕೂತು ಒಮ್ಮೆ ಸುತ್ತ ನೋಡಿದಳು. ಗೋಡೆಗೆ ಅಂಗೈ ಒತ್ತಿದಳು, ಹುಳುವಿನ ಮನೆಯಲ್ಲಿ ಒತ್ತಿ ನೋಡುವ ಹಾಗೆಯೇ. "ತೇವಿಲ್ಲ" ಎಂದಳು. ಆಮೇಲೆ ಅಂದಳು:

"ಕೂಸೇ, ಒಂದು ಚೊಂಬು ನೀರು ಕೊಡವ್ವ. ಬಾಯಾರಿ ಸಾಯ್ತಾ ಇವ್ನಿ."

ಒಂದೇ ಉಸಿರಿಗೆ ಕುಡಿದಳು. ಇನ್ನೊಂದು ಬೇಕೆಂದಳು. ಚೊಂಬು ತುಂಬಿ ಕೊಡುವಾಗ ಮಹಾದೇವಮ್ಮನ ಕಣ್ಣು ತುಂಬಿ ಬಂತು. ಗುರುಮಲ್ಲಪ್ಪ ಕಿಟಕಿಯ ಪರದೆಯನ್ನು ಪರೀಕ್ಷೆ ಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ಮರುದಿನ ಸಂಜೆ ಅರಮನೆಯ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡಾಗ ಮುದುಕಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಅವಳ ಮಡಿಲಲ್ಲಿ ಅರ್ಧ ಕುಡಿದ ನೀರಿನ ಬಾಟಲಿಯಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳಿಸಿಕೊಳ್ಳುತ್ತಿರುವ ಅಣ್ಣಂದಿರೇ, ನೀವೂ ನಾಲ್ಕು ದಿನ ಪಟ್ಟಣ ನೋಡಿ ಬನ್ನಿ, ಖಂಡಿತ ಹೋಗಿ. ಆದರೆ ಅಚ್ಚಾದ ಕಾರ್ಡಿಗೆ ಮರುಳಾಗಬೇಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ. 'ಎಲ್ಲಾ ಇದೆಯಾ?' ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಮೆಟ್ಟಿಲು, ಯಾವ ಹೊತ್ತಿಗೆ ನೀರು, ಎಂಥ ಕಕ್ಕಸು, ಕರೆಂಟು ಹೋದರೆ ಏನು ಗತಿ ಎಂದು ಕೇಳಿ. ರೂಮಿನ ನಂಬರನ್ನು ಬರೆಸಿಕೊಳ್ಳಿ. ಸಾಧ್ಯವಾದರೆ ಒಬ್ಬರು ಮೊದಲೇ ಹೋಗಿ ನೋಡಿ ಬನ್ನಿ. ಆಗದಿದ್ದರೆ ಹಣ ಕೊಡುವ ಮೊದಲು ರೂಮಿನ ಬಾಗಿಲು ತೆಗೆಸಿ, ನಲ್ಲಿ ತಿರುಗಿಸಿ, ಹಾಸಿಗೆ ಎತ್ತಿ ನೋಡಿ. ನಗುವವರು ನಗಲಿ.

ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯ ಹಿರಿಯರನ್ನು ಕೇಳಿ. ನಿಮ್ಮ ಸಂತೋಷ ಕೆಡಬಾರದೆಂದು ನೀರು ಕುಡಿಯದೆ ಬಸ್ಸು ಹತ್ತುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಚೀಲ ಕಟ್ಟುವ ಮೊದಲು ಅವರ ಚೊಂಬಿನ ಕಡೆ ಒಮ್ಮೆ ನೋಡಿ.